ಅಪಘಾತದ ಅನಂತರದ ಬಾಳು: ಡಾಕ್ಟರ್ ಮೇರಿ ವರ್ಗೀಸರ ದೃಷ್ಟಾಂತ

ಮನೆಯಿಂದ ಕ್ಷೇಮವಾಗಿ ಹೊರಟವರು ದಾರಿಯಲ್ಲಿ ವಾಹನವು ಉರುಳಿ ಪ್ರಾಣಾಪಾಯಕ್ಕೆ ಒಳಗಾದರೆಂಬ ಸುದ್ದಿಯು ಬಂದಾಗ ಬಂಧುಗಳ ಬಾಯಿಂದ ಮೊದಲು ಹೊರಡುವ ಮಾತು, “ಪ್ರಾಣವೊಂದು ಉಳಿದರೆ ಸಾಕು” ಎಂಬದು. ದೇವರ ದಯದಿಂದ ಪ್ರಾಣವು ಉಳಿದು ಕೆಲವು ವಾರಗಳು ಕಳೆದ ಬಳಿಕ ಅದೇ ಬಂಧುಗಳು ರೋಗಿಯ ಕಿವಿಗೆ ಬೀಳದ ಹಾಗೆ ಬಾಗಿಲ ಹೊರಗೆ ನಿಂತು ಆಡುವ ಮಾತು, “ಇನ್ನು ಇವಳ ಗತಿಯೇನು?” ಎಂಬದು. ಮೊದಲನೆಯದಕ್ಕೆ ಶಸ್ತ್ರವೈದ್ಯರು ಕೆಲವು ದಿವಸಗಳಲ್ಲಿಯೇ ಉತ್ತರವನ್ನು ಕೊಡಬಲ್ಲರು. ಎರಡನೆಯದಕ್ಕೆ ಉತ್ತರವು ದೊರೆಯಬೇಕಾದರೆ ವರುಷಗಳು ಹಿಡಿಯುತ್ತವೆ. ಅದನ್ನು ರೋಗಿಯೂ ಮನೆಯವರೂ ವೈದ್ಯರೂ ಪಾಠಶಾಲೆಯವರೂ ಊರವರೂ ಒಟ್ಟುಗೂಡಿ ಕಂಡುಕೊಳ್ಳಬೇಕಾಗುತ್ತದೆ.

ಈ ಎರಡನೆಯ ಪ್ರಶ್ನೆಯ ವಿಷಯವಾಗಿ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಮಕ್ಕಳ ತಂದೆತಾಯಿಗಳಿಗೂ ಕೆಲವು ಸಂಗತಿಗಳನ್ನು ತಿಳಿಯಪಡಿಸುವದೇ ಈ ಲೇಖನದ ಉದ್ದೇಶವು. ಬರಿಯ ಉಪದೇಶಕ್ಕಿಂತ ನಡೆದ ಸಂಗತಿಯು ಮನಸ್ಸಿಗೆ ಹೆಚ್ಚು ನಾಟುವದರಿಂದ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೇವೆ ಸಲ್ಲಿಸಿದ ಡಾಕ್ಟರ್ ಮೇರಿ ವರ್ಗೀಸರ ಜೀವನವನ್ನೇ ಇಲ್ಲಿ ಆಧಾರವಾಗಿ ತೆಗೆದುಕೊಂಡಿದೆ. ಚಿಕಿತ್ಸೆಗಾಗಿ ವೆಲ್ಲೂರಿಗೆ ಹೋಗಿಬಂದವರು ನಮ್ಮ ಸೀಮೆಯ ಅನೇಕ ಮನೆಗಳಲ್ಲಿದ್ದಾರೆ. ಆದರೆ ಅಲ್ಲಿಯ ಒಬ್ಬ ವೈದ್ಯೆಯೇ ತನ್ನ ೨೮ನೆಯ ವಯಸ್ಸಿನಲ್ಲಿ ಅದೇ ಆಸ್ಪತ್ರೆಯ ಹಾಸಿಗೆಯ ಮೇಲೆ ಚಲನೆಯಿಲ್ಲದೆ ಮಲಗಿದ್ದಳೆಂಬದನ್ನು ಎಲ್ಲರೂ ಅರಿಯರು.

ಪೂರ್ವ ವೃತ್ತಾಂತ

ಮೇರಿ ವರ್ಗೀಸರು ೧೯೨೫ರಲ್ಲಿ ಕೊಚ್ಚಿಯ ಸೀಮೆಯಲ್ಲಿ ಅನುಕೂಲವಂತರಾದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು. ಎರ್ನಾಕುಳದ ಮಹಾರಾಜಾ ಕಾಲೇಜಿನಲ್ಲಿ ಓದಿ, ೧೯೪೬ರಲ್ಲಿ ವೆಲ್ಲೂರಿನ ವೈದ್ಯಶಾಲೆಯನ್ನು ಸೇರಿದರು. ಈ ವೈದ್ಯಶಾಲೆಯು ಹೆಣ್ಣುಮಕ್ಕಳಿಗೋಸ್ಕರವೇ ಹುಟ್ಟಿದ್ದೆಂಬದನ್ನು ನಾವು ಮರೆಯಬಾರದು. ಪುರುಷ ವೈದ್ಯನು ಮುಟ್ಟಬಾರದೆಂಬ ಕಟ್ಟಿನಿಂದ ಪ್ರಸವವೇದನೆಯಲ್ಲಿದ್ದ ಮೂವರು ಸ್ತ್ರೀಯರು ಒಂದೇ ರಾತ್ರಿಯಲ್ಲಿ ಸತ್ತುದನ್ನು ಕಂಡು ಮನಸ್ಸು ಕರಗಿದ ಐಡಾ ಸ್ಕಡರ್ ಅಮ್ಮನವರು ತಾವೇ ವೈದ್ಯೆಯಾಗಿ ಬಂದು, ೧೯೦೦ರಲ್ಲಿ ಒಂದೇ ಹಾಸಿಗೆಯಿಂದ ಚಿಕಿತ್ಸಾಲಯವನ್ನು ಆರಂಭಿಸಿ, ೧೯೧೮ರಲ್ಲಿ ಸ್ತ್ರೀಯರ ವೈದ್ಯಶಾಲೆಯನ್ನು ತೆರೆದರು. ಪುರುಷ ವಿದ್ಯಾರ್ಥಿಗಳಿಗೆ ಅಲ್ಲಿ ಪ್ರವೇಶವು ದೊರೆತದ್ದು ೧೯೪೭ರಲ್ಲಿ. ಇಂಥಾ ಸ್ಥಳದಲ್ಲಿ ವಿದ್ಯೆಯನ್ನು ಮುಗಿಸಿದ ಮೇರಿಯವರು ಸ್ತ್ರೀರೋಗಗಳ ಚಿಕಿತ್ಸೆಯಲ್ಲಿ ನಿಪುಣೆಯಾಗಬೇಕೆಂದು ಬಯಸಿ ಆಸ್ಪತ್ರೆಯಲ್ಲಿಯೇ ಕೆಲಸಮಾಡುತ್ತಿದ್ದರು.

೧೯೫೪ನೆಯ ಇಸವಿಯ ಜನವರಿ ತಿಂಗಳಲ್ಲಿ ಕೆಲವು ಮಂದಿ ಯುವ ವೈದ್ಯರು ಒಂದು ವಾಹನದಲ್ಲಿ ವಿಹಾರಕ್ಕೆ ಹೊರಟರು. ಮೇರಿಯವರೂ ಅವರೊಂದಿಗೆ ಇದ್ದರು. ದಾರಿಯಲ್ಲಿ ವಾಹನವು ಉರುಳಿತು. ಬೇರೆಯವರಿಗೂ ಗಾಯಗಳಾದವು, ಆದರೆ ಮೇರಿಯವರ ಸ್ಥಿತಿಯು ಎಲ್ಲರಿಗಿಂತ ಕಷ್ಟತರವಾಗಿತ್ತು. ಕೆನ್ನೆಯು ಆಳವಾಗಿ ಸೀಳಿಹೋಗಿತ್ತು, ಬೆನ್ನೆಲುಬು ಮುರಿದಿತ್ತು. ಪ್ರಾಣವು ಉಳಿಯುವದೋ ಇಲ್ಲವೋ ಎಂಬ ದಿವಸಗಳು ಕಳೆದು ಪ್ರಜ್ಞೆಯು ತಿಳಿಯಾದ ಮೇಲೆ, ತನ್ನ ಕಾಲುಗಳು ಅಲುಗುವದಿಲ್ಲ, ಮುಟ್ಟಿದರೆ ತಿಳಿಯುವದೂ ಇಲ್ಲ ಎಂಬದನ್ನು ಅವರು ಕಂಡುಕೊಂಡರು. ವೈದ್ಯೆಯಾದವಳಿಗೆ ಅದರ ಅರ್ಥವನ್ನು ಬೇರೆಯವರು ಬಿಡಿಸಿ ಹೇಳಬೇಕಾದ ಅಗತ್ಯವು ಹೆಚ್ಚು ಇರುವದಿಲ್ಲವಷ್ಟೆ.

ಬೆನ್ನುಹುರಿಗೆ ಪೆಟ್ಟಾದಾಗ ಆಗುವದೇನು?

ನಮ್ಮ ಬೆನ್ನೆಲುಬು ಒಂದರ ಮೇಲೊಂದು ಜೋಡಿಸಿದ ಎಲುಬಿನ ಮಣಿಗಳ ಸಾಲು. ಆ ಮಣಿಗಳ ನಡುವಿನ ನಾಳದೊಳಗೆ ಮಿದುಳಿನಿಂದ ಇಳಿದುಬರುವ ಬೆನ್ನುಹುರಿಯಿದೆ. ಅದರ ದಪ್ಪವು ಕಿರುಬೆರಳಿನಷ್ಟು ಮಾತ್ರವೇ. ಪ್ರಾಯದವರಲ್ಲಿ ಅದರ ಉದ್ದವು ಸುಮಾರು ೪೫ ಸೆಂಟಿಮೀಟರು. ಕಾಲನ್ನು ಎತ್ತೆಂಬ ಮಿದುಳಿನ ಅಪ್ಪಣೆಯು ಇದರ ಮೂಲಕವೇ ಕೆಳಗೆ ಹೋಗುತ್ತದೆ. ಕಾಲಿಗೆ ಮುಳ್ಳು ಚುಚ್ಚಿತೆಂಬ ಸಮಾಚಾರವು ಇದರ ಮೂಲಕವೇ ಮೇಲಕ್ಕೆ ಬರುತ್ತದೆ. ಮುರಿದ ಎಲುಬು ಕಾಲಕ್ರಮದಲ್ಲಿ ಕೂಡಿಕೊಳ್ಳುವದು. ಜಜ್ಜಿಹೋದ ಬೆನ್ನುಹುರಿಯ ತಂತುಗಳು ಹಾಗೆ ಕೂಡಿಕೊಳ್ಳುವದಿಲ್ಲ. ಕುತ್ತಿಗೆಯಲ್ಲಿ ಪೆಟ್ಟಾದರೆ ಕೈಕಾಲುಗಳೆರಡೂ, ಎದೆಯ ಅಥವಾ ಸೊಂಟದ ಮಟ್ಟದಲ್ಲಿ ಪೆಟ್ಟಾದರೆ ಕಾಲುಗಳೂ ಸ್ವಾಧೀನ ತಪ್ಪುವವು. ಅದರೊಂದಿಗೆ ಮಲಮೂತ್ರಗಳ ಹತೋಟಿಯೂ ತಪ್ಪುವದುಂಟು. ಮೇರಿಯವರಿಗೆ ಕಾಲುಗಳು ಹೋದವು; ಕೈಗಳು ಉಳಿದವು.

ಹಿಂದಿನ ಕಾಲದಲ್ಲಿ ಇಂಥಾ ರೋಗಿಗಳಲ್ಲಿ ಬಹುಮಂದಿ ಬೇಗನೆ ಸಾಯುತ್ತಿದ್ದರು. ಅವರನ್ನು ಕೊಲ್ಲುತ್ತಿದ್ದದ್ದು ಬೆನ್ನಿನ ಪೆಟ್ಟಲ್ಲ. ಹಾಸಿಗೆಯ ಹುಣ್ಣುಗಳು ಮತ್ತು ಮೂತ್ರಕೋಶದಲ್ಲಿ ಸೇರುವ ನಂಜು. ಆರೋಗ್ಯವಂತನು ನಿದ್ರೆಯಲ್ಲಿಯೂ ತನಗೆ ತಿಳಿಯದೆಯೇ ಮಗ್ಗುಲು ಬದಲಿಸುತ್ತಾನೆ. ಸ್ಪರ್ಶಜ್ಞಾನವಿಲ್ಲದವನಿಗೆ ಒಂದೇ ಕಡೆ ಒತ್ತುತ್ತಿದೆಯೆಂಬದೇ ತಿಳಿಯದು. ಒತ್ತಿದ ಕಡೆಗೆ ರಕ್ತವು ಹರಿಯದೆ ಚರ್ಮವು ಸಾಯುತ್ತದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ೧೯೪೪ರಲ್ಲಿ ಡಾಕ್ಟರ್ ಲುಡ್ವಿಗ್ ಗುಟ್ಮನ್ನರು ಯುದ್ಧದಲ್ಲಿ ಗಾಯಗೊಂಡವರಿಗಾಗಿ ಪ್ರತ್ಯೇಕ ವಿಭಾಗವನ್ನು ತೆರೆದು, ಹಗಲೂ ರಾತ್ರಿಯೂ ಎರಡೆರಡು ಗಂಟೆಗಳಿಗೊಮ್ಮೆ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವ ಕ್ರಮವನ್ನು ತಪ್ಪದೆ ನಡಿಸಿದರು. ಸಾಯುವರೆಂದು ಎಣಿಸಲ್ಪಟ್ಟವರು ಬದುಕಿದರು. ಅವರಿಗೆ ಕೆಲಸವನ್ನೂ ಆಟವನ್ನೂ ಕಲಿಸಿದರು. ಲಂಡನ್ನಿನಲ್ಲಿ ಒಲಿಂಪಿಕ್ ಆಟಗಳು ಆರಂಭವಾದ ೧೯೪೮ನೆಯ ಜುಲೈ ೨೯ರಂದೇ ಆ ಆಸ್ಪತ್ರೆಯ ಅಂಗಳದಲ್ಲಿ ೧೪ ಮಂದಿ ಪುರುಷರೂ ಇಬ್ಬರು ಸ್ತ್ರೀಯರೂ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುವಿದ್ಯೆಯಲ್ಲಿ ಸ್ಪರ್ಧಿಸಿದರು. ಇಂದು ಜಗತ್ತೆಲ್ಲಾ ನೋಡುವ ಪ್ಯಾರಾಲಿಂಪಿಕ್ ಆಟಗಳ ಮೂಲವು ಇದೇ. ಆದರೆ ಅವೆಲ್ಲವುಗಳಿಗೆ ತಳಹದಿಯಾದದ್ದು ದಾದಿಯರು ರಾತ್ರಿಯಿಡೀ ಎದ್ದಿದ್ದು ಮಾಡಿದ ಆ ಚಿಕ್ಕ ಶುಶ್ರೂಷೆಯೆಂಬದನ್ನು ಗಮನಿಸತಕ್ಕದ್ದು.

ಕುಳಿತು ಮಾಡಿದ ಶಸ್ತ್ರಕ್ರಿಯೆ

ಬೆನ್ನೆಲುಬನ್ನು ಭದ್ರಪಡಿಸುವ ಚಿಕಿತ್ಸೆಗಳು ನಡೆದು ಮೇರಿಯವರು ಕುಳಿತುಕೊಳ್ಳುವಂತಾದರು. ಆದರೆ ಶಸ್ತ್ರವೈದ್ಯರು ನಿಂತುಕೊಂಡು ಕೆಲಸಮಾಡುವವರಲ್ಲವೇ? ನಿಲ್ಲಲಾರದವಳು ಇನ್ನು ಶಸ್ತ್ರವನ್ನು ಹಿಡಿಯುವದು ಹೇಗೆ? ಇಲ್ಲಿ ಅವರಿಗೆ ದಾರಿ ತೋರಿಸಿದವರು ಡಾಕ್ಟರ್ ಪಾಲ್ ಬ್ರಾಂಡರು. ಮಿಶನರಿಗಳ ಮಗನಾಗಿ ೧೯೧೪ರಲ್ಲಿ ಕೊಲ್ಲಿಮಲೆಯಲ್ಲಿ ಹುಟ್ಟಿ, ೧೯೪೬ರಲ್ಲಿ ವೆಲ್ಲೂರಿಗೆ ಬಂದ ಇವರು ಕುಷ್ಠರೋಗಿಗಳ ಕೈಗಳನ್ನು ಶಸ್ತ್ರಕ್ರಿಯೆಯಿಂದ ಸರಿಪಡಿಸುವ ವಿದ್ಯೆಯಲ್ಲಿ ಹೆಸರಾದವರು. ಕೈಯ ಶಸ್ತ್ರಕ್ರಿಯೆಯನ್ನು ಮಾಡುವ ವೈದ್ಯನು ಕುಳಿತೇ ಮಾಡಬಹುದು. ಆ ಕೆಲಸಕ್ಕೆ ಬೇಕಾದದ್ದು ಸ್ಥಿರವಾದ ಕೈಯೂ ತಾಳ್ಮೆಯೂ. ಇವೆರಡೂ ಮೇರಿಯವರಲ್ಲಿ ಉಳಿದಿದ್ದವು. ಹೀಗೆ ಅವರು ಗಾಲಿಕುರ್ಚಿಯಲ್ಲಿ ಕುಳಿತು ಕುಷ್ಠರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡತೊಡಗಿದರು.

ಆ ಶಸ್ತ್ರಕ್ರಿಯೆಯ ರೀತಿಯನ್ನು ಸ್ವಲ್ಪ ತಿಳಿದುಕೊಳ್ಳುವದು ಒಳ್ಳೇದು. ಕುಷ್ಠರೋಗವು ನರಗಳನ್ನು ಕೆಡಿಸುತ್ತದೆ. ಮೊಣಕೈಯ ಬಳಿಯಲ್ಲಿ ಹಾದುಹೋಗುವ ನರವು ಕೆಟ್ಟರೆ ಅಂಗೈಯ ಸಣ್ಣ ಸ್ನಾಯುಗಳು ಸತ್ತು, ಬೆರಳುಗಳು ಕೊಕ್ಕೆಯಂತೆ ಮಡಚಿಕೊಳ್ಳುತ್ತವೆ. ಸತ್ತ ಸ್ನಾಯುವಿಗೆ ಯಾವ ವೈದ್ಯನೂ ಜೀವವನ್ನು ಕೊಡಲಾರನು. ಆದುದರಿಂದ ಶಸ್ತ್ರವೈದ್ಯರು ಕೆಡದೆ ಉಳಿದಿರುವ ಬೇರೊಂದು ಸ್ನಾಯುವನ್ನು, ದೃಷ್ಟಾಂತಕ್ಕೆ ಮಣಿಕಟ್ಟನ್ನು ಎತ್ತುವ ಸ್ನಾಯುಗಳಲ್ಲಿ ಒಂದನ್ನು, ಅದರ ಸ್ಥಾನದಿಂದ ಬಿಡಿಸಿ ಬೆರಳುಗಳಿಗೆ ಜೋಡಿಸುತ್ತಾರೆ. ಗಾಯವು ಮಾಯ್ದ ಬಳಿಕ ರೋಗಿಯು ವಾರಗಟ್ಟಲೆ ಅಭ್ಯಾಸಮಾಡಿ, ಮಣಿಕಟ್ಟನ್ನು ಎತ್ತುತ್ತಿದ್ದ ಆ ಸ್ನಾಯುವಿಗೆ ಬೆರಳನ್ನು ನೀಡುವ ಹೊಸ ಕೆಲಸವನ್ನು ಕಲಿಸಬೇಕು. ಹೋದದ್ದನ್ನು ಬಿಟ್ಟು ಉಳಿದದ್ದಕ್ಕೆ ಹೊಸ ಕೆಲಸವನ್ನು ಕೊಡುವದೇ ಈ ಚಿಕಿತ್ಸೆಯ ತತ್ವವು. ಮೇರಿಯವರು ರೋಗಿಗಳ ಕೈಗಳಲ್ಲಿ ಮಾಡಿದ್ದು ಇದನ್ನೇ. ತಮ್ಮ ಜೀವಮಾನದಲ್ಲಿ ಮಾಡಿದ್ದೂ ಇದನ್ನೇ.

ಇನ್ನೊಂದು ಸಾಮ್ಯವೂ ಉಂಟು. ಕುಷ್ಠರೋಗಿಗಳ ಬೆರಳುಗಳು ತಾವಾಗಿಯೇ ಕೊಳೆತು ಬೀಳುತ್ತವೆಂದು ಜನರು ನಂಬಿದ್ದರು. ಅದು ಹಾಗಲ್ಲ, ನೋವು ತಿಳಿಯದ ಕೈಯಿಂದ ಬಿಸಿ ಪಾತ್ರೆಯನ್ನು ಹಿಡಿಯುವದರಿಂದಲೂ, ಗಾಯವಾದದ್ದು ಗೊತ್ತಾಗದೆ ಕೆಲಸಮಾಡುತ್ತಲೇ ಇರುವದರಿಂದಲೂ ಬೆರಳುಗಳು ನಾಶವಾಗುತ್ತವೆ ಎಂದು ಬ್ರಾಂಡರು ತೋರಿಸಿದರು. ಸ್ಪರ್ಶವು ಮಾಡಬೇಕಾದ ಕಾವಲಿನ ಕೆಲಸವನ್ನು ಕಣ್ಣು ಮಾಡಬೇಕು. ಪ್ರತಿ ಸಾಯಂಕಾಲ ಕೈಕಾಲುಗಳನ್ನು ಪರೀಕ್ಷಿಸಿ ನೋಡಬೇಕು ಎಂದು ರೋಗಿಗಳಿಗೆ ಕಲಿಸಲಾಯಿತು. ಸ್ಪರ್ಶಜ್ಞಾನವಿಲ್ಲದ ಕಾಲುಗಳುಳ್ಳ ಮೇರಿಯವರಿಗೂ ಅದೇ ನಿಯಮವು. ರೋಗಿಗೂ ವೈದ್ಯೆಗೂ ಒಂದೇ ವಿಧದ ನಷ್ಟ, ಒಂದೇ ವಿಧದ ಎಚ್ಚರಿಕೆ. ಸಮಾಜವು ದೂರವಿಟ್ಟಿದ್ದ ಆ ರೋಗಿಗಳು ತಮ್ಮ ಮುಂದೆ ಗಾಲಿಕುರ್ಚಿಯಲ್ಲಿ ಕುಳಿತ ವೈದ್ಯೆಯನ್ನು ಕಂಡಾಗ, ನಿಮ್ಮ ಕಷ್ಟವು ನಮಗೆ ಗೊತ್ತು ಎಂಬ ಮಾತನ್ನು ಬಾಯಿಂದ ಹೇಳುವ ಅವಶ್ಯವಿರಲಿಲ್ಲ. (ಕುಷ್ಠರೋಗವು ಈಗ ಔಷಧಗಳಿಂದ ಪೂರ್ಣವಾಗಿ ಗುಣವಾಗುವದೆಂದೂ, ಆರು ತಿಂಗಳಿಂದ ಒಂದು ವರುಷದ ವರೆಗಿನ ಚಿಕಿತ್ಸೆಯು ಸಾಕೆಂದೂ ಈ ಸಂದರ್ಭದಲ್ಲಿ ಓದುಗರಿಗೆ ತಿಳಿಸುತ್ತೇವೆ.)

ಒಬ್ಬಳ ಬಿಡುಗಡೆಯಿಂದ ಅನೇಕರ ಬಿಡುಗಡೆ

ಮೇರಿಯವರು ಇಲ್ಲಿಗೇ ನಿಂತಿದ್ದರೂ ಅವರ ಬಾಳು ಸಾರ್ಥಕವೇ. ಆದರೆ ತಮಗೆ ದೊರೆತ ಸಹಾಯವು ಬೇರೆಯವರಿಗೆ ದೊರೆಯುತ್ತಿಲ್ಲವೆಂಬದನ್ನು ಅವರು ಕಂಡರು. ಮರದಿಂದ ಬಿದ್ದವರು, ಬಾವಿಯಲ್ಲಿ ಬಿದ್ದವರು, ಗಾಡಿಯ ಕೆಳಗೆ ಸಿಕ್ಕಿದವರು ಆಸ್ಪತ್ರೆಗೆ ಬಂದು ಪ್ರಾಣ ಉಳಿಸಿಕೊಂಡು ಮನೆಗೆ ಹೋಗಿ, ಅಲ್ಲಿ ಹುಣ್ಣಾಗಿ ಸಾಯುವದುಂಟು. ಅವರ ಪ್ರಾಣವನ್ನು ಉಳಿಸುವ ವಿದ್ಯೆಯಿದ್ದರೂ ಬದುಕಲು ಕಲಿಸುವ ಸ್ಥಳವಿರಲಿಲ್ಲ.

ಮೇರಿಯವರು ಮೊದಲು ಆಸ್ಟ್ರೇಲಿಯದ ಪರ್ತ್ ನಗರಕ್ಕೆ ಹೋಗಿ, ಗಾಲಿಕುರ್ಚಿಯ ಜೀವನದಲ್ಲಿ ಸ್ವತಂತ್ರವಾಗಿ ವರ್ತಿಸುವ ಶಿಕ್ಷಣವನ್ನು ತಾವೇ ರೋಗಿಯಾಗಿ ಪಡೆದರು. ಬಳಿಕ ನ್ಯೂಯಾರ್ಕಿಗೆ ಹೋಗಿ, ಡಾಕ್ಟರ್ ಹೋವರ್ಡ್ ರಸ್ಕರ ಸಂಸ್ಥೆಯಲ್ಲಿ ಪುನರ್ವಸತಿ ವೈದ್ಯಶಾಸ್ತ್ರವನ್ನು ವೈದ್ಯೆಯಾಗಿ ಅಭ್ಯಾಸಮಾಡಿದರು. ರೋಗವನ್ನು ಗುಣಪಡಿಸಿದೊಡನೆ ವೈದ್ಯನ ಕರ್ತವ್ಯವು ಮುಗಿಯುವದಿಲ್ಲ. ರೋಗಿಯು ತನ್ನ ಮನೆಗೂ ಉದ್ಯೋಗಕ್ಕೂ ತಿರುಗಿ ಸೇರುವ ತನಕ ಅದು ಮುಂದುವರಿಯುತ್ತದೆ ಎಂಬದು ಈ ಶಾಸ್ತ್ರದ ಸಾರಾಂಶವು. ಸ್ವದೇಶಕ್ಕೆ ಹಿಂದಿರುಗಿದ ಮೇರಿಯವರು ೧೯೬೩ರಲ್ಲಿ ವೆಲ್ಲೂರಿನ ಪುನರ್ವಸತಿ ವಿಭಾಗದ ಮುಖ್ಯಸ್ಥೆಯಾದರು. ಅವರ ಪ್ರಯತ್ನದಿಂದ ೧೯೬೬ರಲ್ಲಿ ರೋಗಿಗಳು ಒಳಗೇ ಇದ್ದು ಶಿಕ್ಷಣ ಪಡೆಯುವ ಪುನರ್ವಸತಿ ಸಂಸ್ಥೆಯು ಅಲ್ಲಿ ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ ಆ ಬಗೆಯ ಸಂಸ್ಥೆಗಳಲ್ಲಿ ಇದೇ ಮೊದಲನೆಯದು. ಅವರ ಚರಿತ್ರೆಯನ್ನು ಡಾರತಿ ಕ್ಲಾರ್ಕ್ ವಿಲ್ಸನ್ ಎಂಬ ಅಮೇರಿಕದ ಲೇಖಕಿಯು ೧೯೬೩ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಭಾರತ ಸರಕಾರವು ೧೯೭೨ರಲ್ಲಿ ಮೇರಿಯವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅಪಘಾತವಾಗಿ ೩೨ ವರುಷಗಳು ಬಾಳಿ, ಅವರು ೧೯೮೬ರಲ್ಲಿ ಪ್ರಭುವಿನಲ್ಲಿ ವಿಶ್ರಾಂತಿ ಹೊಂದಿದರು.

ಮನೆಯವರು ತಿಳಿದಿರಬೇಕಾದದ್ದು

ಈ ಚರಿತ್ರೆಯನ್ನು ಓದಿ ಮೆಚ್ಚಿದರೆ ಸಾಲದು; ಅದರಿಂದ ನಮಗೆ ದೊರೆಯುವ ಕೆಲವು ಪ್ರಯೋಜನಕರವಾದ ಸಂಗತಿಗಳುಂಟು.

ಮೊದಲನೆಯದು, ಅಪಘಾತದ ಸ್ಥಳದಲ್ಲಿ. ಬೆನ್ನಿಗೆ ಅಥವಾ ಕುತ್ತಿಗೆಗೆ ಪೆಟ್ಟಾಗಿರುವ ಸಂಶಯವಿದ್ದರೆ ಗಾಯಾಳುವನ್ನು ಕಂಕುಳಲ್ಲಿಯೂ ಕಾಲಲ್ಲಿಯೂ ಹಿಡಿದು ಎತ್ತಬಾರದು, ಕುಳ್ಳಿರಿಸಬಾರದು. ಹಾಗೆ ಮಾಡಿದರೆ ಮುರಿದ ಎಲುಬು ಒಳಗಿನ ಹುರಿಯನ್ನು ಜಜ್ಜಿ, ಉಳಿಯಬಹುದಾಗಿದ್ದ ಕಾಲುಗಳು ಹೋಗಬಹುದು. ಉಸಿರಿಗೆ ಅಡ್ಡಿಯಾಗಲಿ, ಬೆಂಕಿಯ ಭಯವಾಗಲಿ ಇಲ್ಲದಿದ್ದರೆ ಅಲುಗಿಸದೆ, ತಲೆಯನ್ನು ಎರಡೂ ಕೈಗಳಿಂದ ನೆಟ್ಟಗೆ ಹಿಡಿದು, ೧೦೮ಕ್ಕೆ ಅಥವಾ ೧೧೨ಕ್ಕೆ ಕರೆಮಾಡಿ ಕಾಯಬೇಕು. ಸಾಗಿಸಲೇಬೇಕಾದರೆ ನಾಲ್ಕೈದು ಮಂದಿ ಕೂಡಿ, ತಲೆ ಬೆನ್ನು ಕಾಲುಗಳು ಒಂದೇ ಸಾಲಿನಲ್ಲಿರುವಂತೆ ಮರದ ದಿಮ್ಮಿಯನ್ನು ಉರುಳಿಸುವ ರೀತಿಯಲ್ಲಿ ಹಲಗೆಯ ಮೇಲೆ ಹಾಕಬೇಕು. ಸಹಾಯಮಾಡಿದರೆ ಪೊಲೀಸರ ತೊಂದರೆ ಬರುವದೆಂಬ ಹೆದರಿಕೆಯು ಈಗ ಬೇಡ. ೨೦೧೯ರಲ್ಲಿ ಮೋಟಾರು ವಾಹನಗಳ ಕಾನೂನಿಗೆ ಸೇರಿಸಿದ ೧೩೪ಎ ಎಂಬ ವಿಧಿಯು ಸದುದ್ದೇಶದಿಂದ ನೆರವಾದವರನ್ನು ಕಾಪಾಡುತ್ತದೆ. ಅಂಥವರನ್ನು ಆ ಕಾನೂನು ಕರೆಯುವ ಹೆಸರು ‘ಒಳ್ಳೆಯ ಸಮಾರ್ಯದವನು’ ಎಂಬದು. ನಮ್ಮ ಸಂಡೇಸ್ಕೂಲಿನ ಮಕ್ಕಳಿಗೂ ತಿಳಿದಿರುವ ಸಾಮ್ಯದ ಹೆಸರು ದೇಶದ ಕಾನೂನಿನಲ್ಲಿ ನಿಂತಿರುವಾಗ ನಾವು ದಾರಿಯ ಆಚೇಬದಿಯಿಂದ ಹಾದುಹೋಗುವದು ಸಲ್ಲದು.

ಎರಡನೆಯದು, ಮನೆಗೆ ಬಂದ ಬಳಿಕ. ಎರಡು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸುವದು. ಕುರ್ಚಿಯಲ್ಲಿ ಕುಳಿತಿರುವಾಗ ಆಗಾಗ ಕೈಗಳ ಮೇಲೆ ಭಾರಹಾಕಿ ಮೈಯನ್ನು ಎತ್ತುವದು. ಪ್ರತಿದಿನ ಕನ್ನಡಿಯ ಸಹಾಯದಿಂದ ಸೊಂಟದ ಹಿಂಭಾಗ, ಹಿಮ್ಮಡಿ ಮುಂತಾದ ಕಡೆಗಳಲ್ಲಿ ಚರ್ಮವು ಕೆಂಪಾಗಿದೆಯೋ ಎಂದು ನೋಡುವದು. ಸ್ನಾನದ ನೀರಿನ ಬಿಸಿಯನ್ನು ಸ್ಪರ್ಶಜ್ಞಾನವುಳ್ಳ ಕೈಯಿಂದ ಪರೀಕ್ಷಿಸಿಯೇ ಹೊಯ್ದುಕೊಳ್ಳುವದು. ವೈದ್ಯರು ಹೇಳಿದ ಪ್ರಕಾರ ಹೊತ್ತುಹೊತ್ತಿಗೆ ಮೂತ್ರಕೋಶವನ್ನು ಬರಿದುಮಾಡುವದು. ಧೈರ್ಯವೆಂಬದು ಇಂಥಾ ಸಣ್ಣ ಕೆಲಸಗಳಲ್ಲಿ ಅಡಗಿದೆ. ಒಂದು ದಿವಸ ಅಳುವದೂ ಇನ್ನೊಂದು ದಿವಸ ಕೋಪಿಸಿಕೊಳ್ಳುವದೂ ದೇವರಲ್ಲಿ ನಂಬಿಕೆಯಿಲ್ಲದ ಗುರುತೆಂದು ಮನೆಯವರು ಗದರಿಸಬಾರದು. ನಷ್ಟಕ್ಕಾಗಿ ಅಳದವರು ಯಾರಿದ್ದಾರೆ? ಆದರೆ ಅಳುವಿನ ನಡುವೆಯೂ ಮಗ್ಗುಲು ಬದಲಿಸುವ ಹೊತ್ತು ತಪ್ಪಬಾರದು. ತಾನೇ ಮಾಡಬಹುದಾದ ಕೆಲಸವನ್ನು ಪ್ರೀತಿಯಿಂದಲಾದರೂ ಬೇರೆಯವರು ಮಾಡಿಕೊಡುವದು ಅವಳಿಗೆ ಉಪಕಾರವಲ್ಲ.

ಮೂರನೆಯದು, ಪಾಠಶಾಲೆಯ ವಿಷಯವು. ಅಪಘಾತಕ್ಕೆ ಸಿಕ್ಕಿದ ಗಂಡುಮಗನಿಗೆ ಏನಾದರೂ ಉದ್ಯೋಗ ಕಲಿಸಬೇಕೆಂದು ಯೋಚಿಸುವ ತಂದೆತಾಯಿಗಳೇ ಹೆಣ್ಣುಮಗಳ ವಿಷಯದಲ್ಲಿ, “ಇನ್ನು ಓದಿ ಏನು ಮಾಡಬೇಕು, ಮನೆಯಲ್ಲಿ ಒಂದು ಮೂಲೆಯಲ್ಲಿ ಇರಲಿ” ಎನ್ನುವದನ್ನು ನಾವು ಕೇಳಿದ್ದೇವೆ. ಈ ಮಾತಿನಲ್ಲಿ ಮರುಕವಿದ್ದರೂ ನ್ಯಾಯವಿಲ್ಲ. ಕಾಲು ಹೋದವಳಿಗೆ ವಿದ್ಯೆಯು ಕಡಿಮೆಯಲ್ಲ, ಹೆಚ್ಚು ಬೇಕು. ೨೦೧೬ರ ಅಂಗವಿಕಲರ ಹಕ್ಕುಗಳ ಕಾನೂನಿನ ಪ್ರಕಾರ ಶೇಕಡಾ ೪೦ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ೬ರಿಂದ ೧೮ ವರುಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಇದೆ. ಪಾಠಶಾಲೆಗಳಿಗೆ ಬೇಕಾಗುವದೂ ಬಹಳವಲ್ಲ: ಒಂದು ಅಡಿ ಎತ್ತರಕ್ಕೆ ೧೨ ಅಡಿ ಉದ್ದದ ಇಳಿಜಾರು ದಾರಿ, ಗಾಲಿಕುರ್ಚಿ ನುಗ್ಗುವಷ್ಟು ಅಗಲವಾದ ಬಾಗಿಲು, ಒಳಗೆ ಕುರ್ಚಿ ತಿರುಗುವಷ್ಟು ಸ್ಥಳವುಳ್ಳ ಶೌಚಾಲಯ, ಮತ್ತು ಆ ಹುಡುಗಿಯ ತರಗತಿಯನ್ನು ಕೆಳಗಿನ ಅಂತಸ್ತಿಗೆ ಇಳಿಸಿಕೊಡುವ ಮನಸ್ಸು. ಮೂರು ಮೆಟ್ಟಿಲುಗಳಿಗೋಸ್ಕರ ಒಬ್ಬ ಬಾಲಿಕೆಯು ವಿದ್ಯೆಯನ್ನು ಬಿಡುವಂತಾದರೆ ತಪ್ಪು ಅವಳ ಕಾಲುಗಳದ್ದಲ್ಲ.

ಉಪಸಂಹಾರ

ವೇದದಲ್ಲಿ ತಲಾಂತುಗಳ ಸಾಮ್ಯವನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಒಂದೇ ತಲಾಂತನ್ನು ಹೊಂದಿದ ಆಳು ಅದನ್ನು ನೆಲದಲ್ಲಿ ಹೂಣಿಟ್ಟದ್ದಕ್ಕಾಗಿ ಯಜಮಾನನು ಅವನನ್ನು ಗದರಿಸಿದನೇ ಹೊರತು, ಅವನಲ್ಲಿ ಐದು ಇರಲಿಲ್ಲವೆಂಬದಕ್ಕಾಗಿ ಗದರಿಸಲಿಲ್ಲ. ಮೇರಿ ವರ್ಗೀಸರ ಕಾಲುಗಳು ಅವರಿಗೆ ಎಂದೂ ತಿರುಗಿ ದೊರೆಯಲಿಲ್ಲ. ಈ ಚರಿತ್ರೆಯಲ್ಲಿ ಅಂಥಾ ಅದ್ಭುತವು ಯಾವದೂ ಇಲ್ಲ. ಅವರು ಉಳಿದ ಎರಡು ಕೈಗಳನ್ನು ಎಣಿಸಿಕೊಂಡು, ಅವುಗಳಿಗೆ ಕೆಲಸವನ್ನು ಹುಡುಕಿಕೊಂಡರು. ಅದನ್ನು ಹುಡುಕಿಕೊಡುವ ಒಬ್ಬ ಗುರುವೂ, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿದ ದಾದಿಯರೂ, ಗಾಲಿಕುರ್ಚಿಯನ್ನು ಶಸ್ತ್ರಶಾಲೆಯೊಳಗೆ ಬರಮಾಡಿಕೊಂಡ ಒಂದು ಆಸ್ಪತ್ರೆಯೂ ಅವರಿಗಿದ್ದವು.

ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಕೆಲವರು ದಾದಿಯರಾಗಿದ್ದೀರಿ, ಕೆಲವರು ಉಪಾಧ್ಯಾಯಿನಿಯರಾಗಿದ್ದೀರಿ, ಅನೇಕರು ತಾಯಂದಿರಾಗಿದ್ದೀರಿ. ಇಂಥಾ ಒಬ್ಬ ಹುಡುಗಿಯು ನಿಮ್ಮ ಬೀದಿಯಲ್ಲಿಯೇ ಇರಬಹುದು. ಅವಳ ಮನೆಯ ಬಾಗಿಲ ಹೊರಗೆ ನಿಂತು ಅವಳ ಗತಿಯೇನೆಂದು ಕೇಳುವವರೊಂದಿಗೆ ಸೇರದೆ, ಒಳಗೆ ಹೋಗಿ ಅವಳ ಹತ್ತಿರ ಕುಳಿತು, “ಅಮ್ಮಾ, ಏನೇನು ಉಳಿದಿದೆ, ನೋಡೋಣ” ಎಂದು ಕೇಳುವ ಬುದ್ಧಿಯನ್ನೂ ಸಮಯವನ್ನೂ ದೇವರು ನಮಗೆ ಅನುಗ್ರಹಿಸಲಿ.